ಬೆನ್ನುನೋವೂ ಹಸ್ತವೈದ್ಯವೂ

ದಾಂಡೇಲಿಯ ಕಡೆಗೆ ಪ್ರವಾಸ ಹೋಗಿ ಬಂದ ವಾಚಕರು ಕಾಳೀ ನದಿಯ ದಂಡೆಯ ಮೌಳಂಗಿಯನ್ನು ಕಂಡಿರಬಹುದು. ಈಗ ಅಲ್ಲಿಗೆ ಬರುವವರು ನೀರಾಟಕ್ಕೂ ಮರದ ನೆರಳಿಗೂ ಬರುತ್ತಾರೆ. ಆದರೆ ಹಳಿಯಾಳ, ದಾಂಡೇಲಿ, ಜೋಯಿಡಾಗಳ ಈ ಕಾಡುಸೀಮೆಯ ಬಾಳುವೆ ಬಹುಕಾಲ ನಿಂತಿದ್ದು ಮನುಷ್ಯನ ಬೆನ್ನಿನ ಬಲದ ಮೇಲೆ. ತೇಗದ ದಿಮ್ಮಿಯನ್ನು ಉರುಳಿಸಿದವರು, ಬಿದಿರು ಕಡಿದು ಹೊರೆ ಕಟ್ಟಿದವರು, ಮೊಳಕಾಲು ಮಟ್ಟದ ಕೆಸರಿನಲ್ಲಿ ಬಗ್ಗಿ ಭತ್ತದ ಸಸಿ ನೆಟ್ಟ ಹೆಣ್ಣುಮಕ್ಕಳು, ಇವರೆಲ್ಲರ ಮನೆಗಳಲ್ಲಿ ಕೇಳಿಬರುತ್ತಿದ್ದ ಮಾತು ಒಂದೇ: “ಟೊಂಕ ಹಿಡಿದದ.” ೧೯೫೫ರಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾದ ಮೇಲೆ ಬಿದಿರಿನ ಹೊರೆ ಹೆಚ್ಚಿತೇ ಹೊರತು ಟೊಂಕದ ನೋವೇನೂ ಕಡಿಮೆಯಾಗಲಿಲ್ಲ.

ಹೊರೆ ಹೊರದ ಪೇಟೆಯವರೂ ಈ ನೋವಿನಿಂದ ಪಾರಾಗಿಲ್ಲವೆಂಬುದು ತಮಗೆ ತಿಳಿದೇ ಇದೆ. ಕುರ್ಚಿಯಲ್ಲಿ ಕುಳಿತವನನ್ನೂ ಅದು ಹಿಡಿಯುತ್ತದೆ. ಜಗತ್ತಿನಲ್ಲಿ ೨೦೨೦ರಲ್ಲಿ ಸುಮಾರು ೬೧ ಕೋಟಿ ೯೦ ಲಕ್ಷ ಜನರಿಗೆ ನಡುನೋವು ಇದ್ದಿತೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹೇಳುತ್ತದೆ. ಇಷ್ಟು ಜನರ ಬೆನ್ನಿಗೆ ಮದ್ದಿಗಿಂತ ಮೊದಲು ದೊರೆತದ್ದು ಇನ್ನೊಬ್ಬರ ಕೈ. ಆ ಕೈಯ ವಿದ್ಯೆ ಎಲ್ಲಿಂದ ಬಂದಿತು, ಎಲ್ಲಿಗೆ ಮುಟ್ಟಿತು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರಿಸುವುದು ವ್ಯರ್ಥವಾಗಲಾರದು.

ನಮ್ಮ ಹಳ್ಳಿಗಳ ಉಪಾಯಗಳನ್ನೇ ಮೊದಲು ನೋಡೋಣ. ಹರಳೆಣ್ಣೆ ತಿಕ್ಕುವುದು, ಲಕ್ಕಿಸೊಪ್ಪಿನ ಶಾಖ ಕೊಡುವುದು, ಉಳುಕು ತೆಗೆಯುವುದು ಇವೆಲ್ಲ ಮನೆಮನೆಗೆ ಗೊತ್ತು. ಇನ್ನೊಂದು ವಿಚಿತ್ರವಾದ ಉಪಾಯವೂ ಉಂಟು. ತಾಯಿಯ ಗರ್ಭದಿಂದ ಕಾಲು ಮುಂದಾಗಿ ಹುಟ್ಟಿದವರು ಹಿಡಿದ ಬೆನ್ನಿಗೆ ಕಾಲು ಸೋಕಿಸಿದರೆ ನೋವು ಬಿಡುತ್ತದೆಂಬ ನಂಬಿಕೆ. ಇದನ್ನು ಕೇಳಿ ನಗುವ ಹೊಸ ವಿದ್ಯಾವಂತರಿಗೆ ಒಂದು ಸಂಗತಿಯನ್ನು ನಿವೇದಿಸಬೇಕು: ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿಯೂ ಹೀಗೆ ಹುಟ್ಟಿದವರು ನಡುನೋವಿನವರ ಬೆನ್ನು ತುಳಿದು ವಾಸಿಮಾಡುವರೆಂಬ ನಂಬಿಕೆ ಇದ್ದಿತು. ಎರಡು ದೇಶಗಳ ಹಳ್ಳಿಗರು ಒಬ್ಬರ ಮುಖ ಒಬ್ಬರು ಕಾಣದೆಯೇ ಒಂದೇ ತೀರ್ಮಾನಕ್ಕೆ ಬಂದರು. ಹುಟ್ಟಿದ ರೀತಿಯಲ್ಲಿ ಮಹಿಮೆ ಇಲ್ಲದಿರಬಹುದು. ಬೆನ್ನನ್ನು ಒತ್ತಿದರೆ ಎಷ್ಟೋ ಸಲ ಹಗುರವಾಗುತ್ತದೆಂಬ ಅನುಭವ ಮಾತ್ರ ಎರಡೂ ಕಡೆಯದು.

ಈ ವಿದ್ಯೆಯ ಇನ್ನೊಂದು ಮನೆ ಗರಡಿ. ಹಳಿಯಾಳ ಕುಸ್ತಿಗೆ ಹೆಸರಾದ ಊರು, ಕುಸ್ತಿಪಟುಗಳಿಗಾಗಿ ಸರ್ಕಾರದ ಕ್ರೀಡಾನಿಲಯವೂ ಅಲ್ಲಿ ಇದೆ. ಮಣ್ಣಿನ ಅಖಾಡದಲ್ಲಿ ಬಿದ್ದ ಹುಡುಗನ ಹೆಗಲು, ಕತ್ತು, ಟೊಂಕಗಳನ್ನು ಮೊದಲು ಮುಟ್ಟಿ ನೋಡುವವನು ಉಸ್ತಾದನೇ. ಎಲ್ಲಿ ನರ ಬಿಗಿದಿದೆ, ಎಲ್ಲಿ ಕೀಲು ಸರಿದಿದೆ ಎಂಬುದನ್ನು ಅವನ ಹೆಬ್ಬೆರಳು ಹೇಳುತ್ತದೆ. ಇದೇನೂ ನಿನ್ನೆಯ ಮಾತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಅಧ್ಯಾಯವಿದೆ. ಜಟ್ಟಿಗಳ ವರ್ಗ, ಆಹಾರ, ಅಭ್ಯಾಸಗಳನ್ನು ದೊರೆ ಅಲ್ಲಿ ವಿವರಿಸುತ್ತಾನೆ. ಅದೇ ಗ್ರಂಥದ ಭೋಗಪ್ರಕರಣಗಳಲ್ಲಿ ಅಭ್ಯಂಗದ ಮಾತೂ ಬರುತ್ತದೆ. ಅರಸನಿಗೆ ಭೋಗವಾದದ್ದು ಜಟ್ಟಿಗೆ ಚಿಕಿತ್ಸೆ, ಅಷ್ಟೇ ವ್ಯತ್ಯಾಸ.

ಇದಕ್ಕೂ ಹಿಂದಿನ ಶಾಸ್ತ್ರಾಧಾರ ಬೇಕೆಂದರೆ ಸುಶ್ರುತಸಂಹಿತೆಗೆ ಹೋಗಬೇಕು. ಅದರ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯ ಮುರಿದ ಎಲುಬು, ತಪ್ಪಿದ ಕೀಲುಗಳಿಗೆ ಮೀಸಲು. ಅಲ್ಲಿ ಹೇಳಿರುವ ಕ್ರಮ ನಾಲ್ಕು ಬಗೆಯದು: ಆಂಛನ ಎಂದರೆ ಎಳೆಯುವುದು, ಪೀಡನ ಎಂದರೆ ಒತ್ತುವುದು, ಸಂಕ್ಷೇಪ ಎಂದರೆ ತುದಿಗಳನ್ನು ಒಂದುಗೂಡಿಸುವುದು, ಬಂಧನ ಎಂದರೆ ಕಟ್ಟುವುದು. ಸೊಂಟ, ಬೆನ್ನುಗಳ ಎಲುಬು ಕೆಟ್ಟವನನ್ನು ಹಲಗೆಯ ಮೇಲೆ ಮಲಗಿಸಿ ಅಲುಗದಂತೆ ಗೂಟಗಳಿಗೆ ಬಿಗಿಯುವ ‘ಕಪಾಟಶಯನ’ವೂ ಅಲ್ಲಿಯೇ ಬರುತ್ತದೆ. ಗ್ರೀಸ್ ದೇಶದ ಹಿಪಾಕ್ರಟೀಸನ ಹೆಸರಿನ ಗ್ರಂಥಗಳಲ್ಲಿಯೂ ರೋಗಿಯನ್ನು ಹಲಗೆಯ ಮೇಲೆ ಎಳೆದು ಕಟ್ಟಿ ಬೆನ್ನನ್ನು ಒತ್ತುವ ವಿಧಾನವಿದೆ. ಸೊಂಟದಿಂದ ಕಾಲಿಗೆ ಇಳಿಯುವ ನೋವನ್ನು ಆಯುರ್ವೇದ ‘ಗೃಧ್ರಸಿ’ ಎಂದು ಕರೆಯಿತು. ಗೃಧ್ರ ಎಂದರೆ ಹದ್ದು. ಆ ನೋವಿನವನು ಕಾಲೆಳೆದು ನಡೆಯುವುದನ್ನು ಒಮ್ಮೆ ಕಂಡವರಿಗೆ ಹೆಸರಿಟ್ಟವನ ಕಣ್ಣು ಎಷ್ಟು ಚುರುಕಾಗಿತ್ತೆಂಬುದು ತಿಳಿಯುತ್ತದೆ.

ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ. ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ವಿಷವೈದ್ಯವನ್ನು ಹೇಳುವ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವು ನಾವು ಪಾಠ ಹೇಳುವಾಗ ತಪ್ಪದೆ ಎತ್ತುವ ಹೆಸರುಗಳು. ಆದರೂ ಎಲುಬು ಕೂಡಿಸುವ ವಿದ್ಯೆ ಬಹುಮಟ್ಟಿಗೆ ಓಲೆಗರಿಯನ್ನು ಹತ್ತದೆ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ದಾಟಿತು. ‘ಪುತ್ತೂರು ಕಟ್ಟು’ ಎಂಬ ಫಲಕವನ್ನು ಬೆಂಗಳೂರಿನಲ್ಲಿ ತಾವು ನೋಡಿರಬಹುದು. ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿಯ ಬಳಿಯ ಆಂಧ್ರದ ಪುತ್ತೂರು. ಅಲ್ಲಿಯ ಮನೆತನವೊಂದರ ಸೊಪ್ಪಿನ ಪಟ್ಟು ಮತ್ತು ಬಿದಿರು ದಬ್ಬೆಯ ಕಟ್ಟು ರಾಜ್ಯದ ಗಡಿಗಳನ್ನು ದಾಟಿ ಹೆಸರು ಪಡೆಯಿತು.

ಇನ್ನು ಈ ಕೈವಿದ್ಯೆಗೆ ಶಾಸ್ತ್ರದ ಅಂಗಿ ತೊಡಿಸಿದ ಒಬ್ಬ ಅಮೆರಿಕನ್ನನ ಕಥೆ. ಆಂಡ್ರೂ ಟೇಲರ್ ಸ್ಟಿಲ್ ಎಂಬಾತ ೧೮೨೮ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದನು. ತಂದೆ ಪಾದ್ರಿಯೂ ಹೌದು, ವೈದ್ಯನೂ ಹೌದು. ಹುಡುಗ ಸುಮಾರು ಹತ್ತು ವರ್ಷದವನಿದ್ದಾಗ ತಲೆನೋವು ತಾಳಲಾರದೆ ನೇಗಿಲಿನ ಹಗ್ಗವನ್ನು ಎರಡು ಮರಗಳ ನಡುವೆ ನೆಲಕ್ಕೆ ಸಮೀಪವಾಗಿ ಕಟ್ಟಿ, ಅದರ ಮೇಲೆ ಕಂಬಳಿ ಹಾಸಿ, ಕತ್ತನ್ನಿಟ್ಟು ಮಲಗಿದನಂತೆ. ನಿದ್ದೆ ಹತ್ತಿತು, ಎದ್ದಾಗ ನೋವಿರಲಿಲ್ಲ. ಈ ಪ್ರಸಂಗವನ್ನು ಅವನೇ ೧೮೯೭ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮಹಾಪುರುಷರ ಬಾಲ್ಯದಲ್ಲಿ ಇಂಥ ಶಕುನಗಳು ಇದ್ದೇ ಇರುತ್ತವೆ, ನಮ್ಮ ಪುರಾಣಗಳನ್ನು ಓದಿದವರಿಗೆ ಇದು ಹೊಸದಲ್ಲ. ಆದರೆ ಅವನ ಬಾಳನ್ನು ತಿರುಗಿಸಿದ್ದು ಹಗ್ಗವಲ್ಲ, ಮರಣ. ೧೮೬೪ರಲ್ಲಿ ಮಿದುಳು ಪೊರೆಯ ಜ್ವರ ಬಂದು ಅವನ ಮನೆಯ ಮೂರು ಮಕ್ಕಳು ತೀರಿಕೊಂಡರು. ಬಂದ ವೈದ್ಯರಾಗಲಿ, ಸ್ವತಃ ವೈದ್ಯನಾಗಿದ್ದ ತಂದೆಯಾಗಲಿ ಏನೂ ಮಾಡಲಾಗಲಿಲ್ಲ.

ಆ ಕಾಲದ ಔಷಧಗಳೆಂದರೆ ಪಾದರಸದ ಲವಣ, ಅಫೀಮು, ಮದ್ಯ. ಇವುಗಳಿಂದ ಗುಣವಾದವರಿಗಿಂತ ನರಳಿದವರೇ ಹೆಚ್ಚೆಂದು ಸ್ಟಿಲ್ ನಂಬಿದನು. ದೇಹದಲ್ಲಿಯೇ ಗುಣಪಡಿಸುವ ಶಕ್ತಿ ಇದೆ, ಎಲುಬುಗಳ, ಅದರಲ್ಲೂ ಬೆನ್ನೆಲುಬಿನ, ಜೋಡಣೆ ಕೆಟ್ಟು ರಕ್ತದ ಹರಿವಿಗೆ ತಡೆಯಾದಾಗ ರೋಗ ಹುಟ್ಟುತ್ತದೆ, ತಡೆಯನ್ನು ಕೈಯಿಂದ ತೆಗೆದರೆ ಸಾಕು, ಇದು ಅವನ ಸಿದ್ಧಾಂತ. ೧೮೭೪ನೆಯ ಜೂನ್ ೨೨ರಂದು ಇದು ತನಗೆ ಹೊಳೆಯಿತೆಂದು ಅವನು ದಿನಾಂಕ ಸಮೇತ ಹೇಳುತ್ತಾನೆ. ಕ್ಯಾನ್ಸಸ್ ಪ್ರಾಂತದ ಬೇಕರ್ ವಿಶ್ವವಿದ್ಯಾಲಯದ ಸ್ಥಾಪನೆಗೆ ಅವನ ಮನೆಯವರು ನೆರವಾಗಿದ್ದರು, ಈ ವಿಚಾರವನ್ನು ಬೋಧಿಸಲು ಅಲ್ಲಿಯೇ ಅವನಿಗೆ ಅವಕಾಶ ಸಿಗಲಿಲ್ಲ. ಊರೂರು ಅಲೆದು, ‘ಮಿಂಚಿನ ಎಲುಬುವೈದ್ಯ’ನೆಂಬ ಬಿರುದು ಪಡೆದು, ಕಡೆಗೆ ೧೮೯೨ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಶಾಲೆ ತೆರೆದನು. ಮೊದಲ ತರಗತಿಯಲ್ಲಿಯೇ ಸ್ತ್ರೀಯರಿಗೂ ಪ್ರವೇಶ ಕೊಟ್ಟನೆಂಬುದನ್ನು ಅವನ ಹೆಚ್ಚುಗಾರಿಕೆಯೆಂದೇ ಎಣಿಸಬೇಕು. ತನ್ನ ವಿದ್ಯೆಗೆ ಅವನಿಟ್ಟ ಹೆಸರು ಆಸ್ಟಿಯೋಪತಿ. ಗ್ರೀಕಿನ ‘ಓಸ್ಟಿಯೋನ್’ ಎಂದರೆ ಎಲುಬು. ಅದು ನಮ್ಮ ಸಂಸ್ಕೃತದ ‘ಅಸ್ಥಿ’ಯ ದಾಯಾದಿಯೇ. ಭಾಷಾಶಾಸ್ತ್ರದ ಈ ನಂಟನ್ನು ಎತ್ತಿ ಹೇಳದೆ ಬಿಡುವುದು ಪಂಡಿತನಾದವನ ಕೈಲಾಗದ ಕೆಲಸ, ಮನ್ನಿಸಬೇಕು.

ಸ್ಟಿಲ್ ೧೯೧೭ರಲ್ಲಿ ತೀರಿಕೊಂಡನು. ಅವನ ಸಿದ್ಧಾಂತದಲ್ಲಿ ನಿಂತದ್ದೆಷ್ಟು, ಬಿದ್ದದ್ದೆಷ್ಟು? ಸಾಂಕ್ರಾಮಿಕ ರೋಗಗಳೂ ಬೆನ್ನೆಲುಬಿನಿಂದ ಹುಟ್ಟುತ್ತವೆಂಬ ಭಾವನೆ ನಿಲ್ಲಲಿಲ್ಲ, ಕ್ರಿಮಿಗಳ ಜ್ಞಾನ ಅದನ್ನು ತಳ್ಳಿಹಾಕಿತು. ಅವನ ಶಿಷ್ಯಪರಂಪರೆಯೇ ಅಮೆರಿಕದಲ್ಲಿ ಔಷಧ, ಶಸ್ತ್ರಕ್ರಿಯೆಗಳನ್ನು ಸ್ವೀಕರಿಸಿತು. ಇಂದು ಅಲ್ಲಿ ಆಸ್ಟಿಯೋಪತಿಯ ಪದವೀಧರರು ಪೂರ್ಣಾಧಿಕಾರದ ವೈದ್ಯರು. ೧೯೬೨ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಎರಡು ಸಾವಿರ ಮಂದಿ ತಲೆಗೆ ೬೫ ಡಾಲರು ಶುಲ್ಕ ತೆತ್ತು ತಮ್ಮ ಬಿರುದನ್ನು ಎಂ.ಡಿ. ಎಂದು ಬದಲಾಯಿಸಿಕೊಂಡದ್ದೂ ಉಂಟು. ಅಮೆರಿಕದ ಹೊರಗೆ ಮಾತ್ರ ಆಸ್ಟಿಯೋಪತಿ ಎಂದರೆ ಬಹುಪಾಲು ಇಂದಿಗೂ ಕೈಯ ಚಿಕಿತ್ಸೆಯೇ.

ಇಂಗ್ಲೆಂಡಿನಲ್ಲಿ ಎಲುಬುವೈದ್ಯರಿಗೂ ಪದವೀಧರ ವೈದ್ಯರಿಗೂ ನಡೆದ ಜಗಳ ಇನ್ನೂ ಸ್ವಾರಸ್ಯವಾದುದು. ಹದಿನೆಂಟನೆಯ ಶತಮಾನದಲ್ಲಿ ಸ್ಯಾಲಿ ಮ್ಯಾಪ್ ಎಂಬ ಹೆಂಗಸು ಎಲುಬು ಕೂಡಿಸುವುದರಲ್ಲಿ ಎಷ್ಟು ಹೆಸರು ಮಾಡಿದಳೆಂದರೆ, ನಾಲ್ಕು ಕುದುರೆಯ ಸಾರೋಟಿನಲ್ಲಿ ಲಂಡನ್ನಿಗೆ ಬರುತ್ತಿದ್ದಳು. ಶಸ್ತ್ರವೈದ್ಯರು ಅವಳನ್ನು ಬಯ್ದರು. ೧೮೬೭ರಲ್ಲಿ ಸರ್ ಜೇಮ್ಸ್ ಪ್ಯಾಜೆಟ್ ಎಂಬ ದೊಡ್ಡ ಶಸ್ತ್ರವೈದ್ಯ ಮಾತ್ರ, ನಮ್ಮಿಂದ ಗುಣವಾಗದೆ ಇವರಿಂದ ಗುಣವಾಗುವ ರೋಗಿಗಳೂ ಇದ್ದಾರೆ, ಅದನ್ನು ನೋಡಿ ಕಲಿಯಬೇಕು ಎಂಬರ್ಥದ ಉಪನ್ಯಾಸ ಕೊಟ್ಟನು. ವಾರ್ಟನ್ ಹುಡ್ ಎಂಬ ಡಾಕ್ಟರು ಎಲುಬುವೈದ್ಯನೊಬ್ಬನ ಬಳಿ ಕುಳಿತು ಕಲಿತು, ೧೮೭೧ರಲ್ಲಿ ಆ ವಿಧಾನಗಳನ್ನು ಪ್ರಕಟಿಸಿಯೇ ಬಿಟ್ಟನು. ಎಲ್ಲರಿಗೂ ಇಂಥ ಮನಸ್ಸಿರಲಿಲ್ಲ. ಹರ್ಬರ್ಟ್ ಬಾರ್ಕರ್ ಎಂಬ ಎಲುಬುವೈದ್ಯನ ರೋಗಿಗಳಿಗೆ ಮಂಪರು ಕೊಟ್ಟ ತಪ್ಪಿಗಾಗಿ ಫ್ರೆಡರಿಕ್ ಆಕ್ಸ್‌ಹ್ಯಾಮ್ ಎಂಬ ಡಾಕ್ಟರ ಹೆಸರನ್ನು ೧೯೧೧ರಲ್ಲಿ ವೈದ್ಯರ ಪಟ್ಟಿಯಿಂದಲೇ ಹೊಡೆದುಹಾಕಿದರು. ಹನ್ನೊಂದು ವರ್ಷದ ತರುವಾಯ ಅದೇ ಬಾರ್ಕರನಿಗೆ ಅರಸನಿಂದ ‘ಸರ್’ ಪದವಿ ಬಂದಿತು. ಪಾಪ, ಆಕ್ಸ್‌ಹ್ಯಾಮನ ಹೆಸರು ಮಾತ್ರ ಪಟ್ಟಿಗೆ ಮರಳಲೇ ಇಲ್ಲ, ೧೯೨೬ರಲ್ಲಿ ಆತ ಹಾಗೆಯೇ ತೀರಿಕೊಂಡನು. ಬ್ರಿಟನ್ನಿನಲ್ಲಿ ಆಸ್ಟಿಯೋಪತಿಗೆ ಕಾನೂನಿನ ಮನ್ನಣೆ ದೊರೆತದ್ದು ೧೯೯೩ರಲ್ಲಿ.

ಹಾಗಾದರೆ ಈ ಚಿಕಿತ್ಸಕನು ಮಾಡುವುದೇನು? ಮೊದಲು ನೋವಿನ ಪೂರ್ವಾಪರ ಕೇಳುತ್ತಾನೆ. ನಿಲ್ಲಿಸಿ, ಬಗ್ಗಿಸಿ, ನಡೆಸಿ ನೋಡುತ್ತಾನೆ. ಬೆರಳ ತುದಿಯಿಂದ ಬೆನ್ನಿನ ಮಣಿಗಳ ಎರಡೂ ಬದಿಯ ಸ್ನಾಯುಗಳನ್ನು ತಡವಿ, ಬಿಗುವು ಎಲ್ಲಿದೆಯೆಂದು ಹುಡುಕುತ್ತಾನೆ. ಆಮೇಲೆ ತಿಕ್ಕುವುದು, ನಿಧಾನವಾಗಿ ಎಳೆಯುವುದು, ಕೀಲನ್ನು ಅದರ ಮಿತಿಯವರೆಗೆ ಆಡಿಸುವುದು, ಕೆಲವೊಮ್ಮೆ ಚುರುಕಾಗಿ ಒಂದು ಒತ್ತು ಕೊಡುವುದು. ಆಗ ‘ಲಟ್’ ಎಂಬ ಸದ್ದು ಕೇಳಿಸುತ್ತದೆ. “ಎಲುಬು ಕೂತಿತು” ಎಂದು ರೋಗಿ ಸಮಾಧಾನಪಡುತ್ತಾನೆ. ನಿಜಕ್ಕೂ ಅದು ಎಲುಬು ಕೂತ ಸದ್ದಲ್ಲ, ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆಗೆ ಸಂಬಂಧಿಸಿದ ಸದ್ದು. ನೆಟಿಗೆ ಮುರಿಯುವಾಗ ಬರುವುದೂ ಅದೇ. ಸದ್ದು ಬಾರದಿದ್ದರೆ ಚಿಕಿತ್ಸೆ ಕೆಟ್ಟಿತೆಂದೇನೂ ಅಲ್ಲ.

ಫಲದ ಮಾತು. ೧೯೯೯ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಡುನೋವಿನವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ರೂಢಿಯ ಚಿಕಿತ್ಸೆ, ಇನ್ನೊಂದಕ್ಕೆ ಆಸ್ಟಿಯೋಪತಿ ಕೊಟ್ಟು ನೋಡಿದರು. ಹನ್ನೆರಡು ವಾರದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಸಮವಾಗಿಯೇ ಸುಧಾರಿಸಿದ್ದವು. ಆದರೆ ಕೈಚಿಕಿತ್ಸೆಯ ಗುಂಪಿಗೆ ಮಾತ್ರೆಗಳು ಕಡಿಮೆ ಸಾಕಾದವು. ಬಹುಕಾಲದ ನಡುನೋವಿಗೆ ೨೦೨೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮ, ತಿಳಿವಳಿಕೆಗಳ ಜೊತೆಗೆ ಬೆನ್ನೆಲುಬಿನ ಹಸ್ತಚಿಕಿತ್ಸೆಗೂ ಅಂಗಮರ್ದನಕ್ಕೂ ಸ್ಥಾನವಿದೆ. ಹೊಸದಾಗಿ ಬಂದ ನಡುನೋವು ಬಹುಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಇಳಿತದ ಕೀರ್ತಿ ಎಷ್ಟೋ ಸಲ ಕೊನೆಯಲ್ಲಿ ಮುಟ್ಟಿದವನ ಪಾಲಾಗುತ್ತದೆ.

ನಮ್ಮ ನಾಡಿಗೆ ಈ ವಿದ್ಯೆ ಬಂದದ್ದು ಮುಖ್ಯವಾಗಿ ಪ್ರಕೃತಿಚಿಕಿತ್ಸೆಯ ಬಾಗಿಲಿನಿಂದ. ಉಜಿರೆಯಲ್ಲಿ ೧೯೮೯ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿಚಿಕಿತ್ಸಾ ಮತ್ತು ಯೋಗವಿಜ್ಞಾನ ಕಾಲೇಜು ಈ ಶಾಖೆಗೆ ಪದವಿಯ ಸ್ಥಾನ ತಂದ ಸಂಸ್ಥೆಗಳಲ್ಲಿ ಮೊದಲಿನದು. ಐದೂವರೆ ವರ್ಷದ ಆ ಪದವಿಯ ಪಾಠಕ್ರಮದಲ್ಲಿ ಅಂಗಮರ್ದನದೊಡನೆ ಆಸ್ಟಿಯೋಪತಿಯೂ ಒಂದು ಪಾಠ. ಭೌತಚಿಕಿತ್ಸೆಯವರೂ ಕೀಲುಗಳನ್ನು ಕೈಯಿಂದ ಆಡಿಸುವ ಕ್ರಮವನ್ನು ಕಲಿತೇ ಬರುತ್ತಾರೆ. ಆದ್ದರಿಂದ ಹಳಿಯಾಳ ಸೀಮೆಯವರು ಇಂಥ ಕೈಗಾಗಿ ಕರ್ಕ್ಸ್‌ವಿಲ್ಲಿಗೆ ಹೋಗಬೇಕಾಗಿಲ್ಲ.

ಆದರೆ ಬೆನ್ನು ಒಪ್ಪಿಸುವ ಮುನ್ನ ಒಂದೆರಡು ವಿಚಾರ ತಿಳಿದಿರಬೇಕು. ನಮ್ಮ ದೇಶದಲ್ಲಿ ಕ್ಷಯ ಇನ್ನೂ ಇದೆ, ಅದು ಪುಪ್ಪುಸಕ್ಕೆ ಮಾತ್ರ ಬರುವುದಲ್ಲ, ಬೆನ್ನೆಲುಬಿಗೂ ಬರುತ್ತದೆ. ೧೭೭೯ರಲ್ಲಿ ಪರ್ಸಿವಲ್ ಪಾಟ್ ವರ್ಣಿಸಿದ ರೋಗ ಅದೇ. ಕ್ಷಯದಿಂದ ಟೊಳ್ಳಾದ ಮಣಿಯನ್ನು ಒತ್ತಿದರೆ ಕಾಲುಗಳ ಶಕ್ತಿಯೇ ಹೋದೀತು. ಮುಪ್ಪಿನಲ್ಲಿ ಎಲುಬು ಸವೆದವರಿಗೂ, ಹಿಂದೆ ಅರ್ಬುದರೋಗ ಬಂದಿದ್ದವರಿಗೂ, ಮೇಲಿನಿಂದ ಬಿದ್ದು ನೋವು ಹತ್ತಿದವರಿಗೂ ಮೊದಲು ಡಾಕ್ಟರ ಪರೀಕ್ಷೆ, ಬೇಕಾದರೆ ಎಕ್ಸ್‌ರೇ ಆಗಬೇಕು. ಸಂಜೆಯ ಜ್ವರ, ಮೈ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೂ ಹಾಗೆಯೇ. ಕಾಲಿನಲ್ಲಿ ಬಲ ಕುಂದುತ್ತಿದ್ದರೆ, ತೊಡೆಸಂದಿಯಲ್ಲಿ ಜೋಮು ಹಿಡಿದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಎಣ್ಣೆ ಕಾಯಿಸುತ್ತ ಕೂರದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಒಳ್ಳೆಯ ಹಸ್ತವೈದ್ಯನು ಈ ಪ್ರಶ್ನೆಗಳನ್ನು ತಾನೇ ಮೊದಲು ಕೇಳುತ್ತಾನೆ. ಕೇಳದೆ ಮಂಚಕ್ಕೆ ಕರೆದರೆ ತಾವೇ ಹೇಳಿಬಿಡಿ.