ಗುರಿಯ ಹೊಂದಾಣಿಕೆ ಮತ್ತು ಬೇಟೆಯ ಲೆಕ್ಕ: ನೀಲಗಿರಿಯನ್ನು ಕುರಿತ ಒಂದು ವಿವೇಚನೆ

ವಸಾಹತು ಕಾಲದ ಬೇಟೆಯನ್ನು ಕುರಿತ ಅಧ್ಯಯನಗಳಲ್ಲಿ ಬೇಟೆಗಾರ, ಪ್ರಾಣಿ ಮತ್ತು ಕಾನೂನು ಎಂಬ ಮೂರು ವಿಷಯಗಳು ವಿಸ್ತಾರವಾಗಿ ಚರ್ಚಿತವಾಗಿವೆ. ಬೇಟೆಗಾರನ ಕೈಯಲ್ಲಿದ್ದ ಕೋವಿ ಹೇಗೆ ವರ್ತಿಸುತ್ತಿತ್ತು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಬೆಟ್ಟವನ್ನೇರುವ ಮುನ್ನ ರೈಫಲ್ಲನ್ನು ಗೊತ್ತಾದ ದೂರದಲ್ಲಿ ಹಾರಿಸಿ ನೋಡಿ, ಕಣ್ಣು ಹಿಡಿದ ಬಿಂದುವೂ ಗುಂಡು ತಾಗುವ ಬಿಂದುವೂ ಒಂದಾಗುವಂತೆ ಸರಿಪಡಿಸುವ ಕ್ರಿಯೆಯನ್ನು ‘ಜೀರೋ ಮಾಡುವುದು’ ಎನ್ನುತ್ತಾರೆ. ಇದು ಕೇವಲ ಕಸಬಿನ ವಿವರವೆಂದು ತೋರಬಹುದು. ಆದರೆ ನೀಲಗಿರಿಯ ಬೇಟೆಯ ದಾಖಲೆಗಳನ್ನು ಸರಿಯಾಗಿ ಓದಬೇಕಾದರೆ ಈ ವಿವರವನ್ನು ಬಿಡಲಾಗದು ಎಂಬುದೇ ಪ್ರಸ್ತುತ ಪ್ರಬಂಧದ ವಾದ.

ಗುಂಡಿನ ಹಾದಿಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಬೆಂಜಮಿನ್ ರಾಬಿನ್ಸ್ ಮುಖ್ಯನು. 1742ರಲ್ಲಿ ಪ್ರಕಟವಾದ ತನ್ನ ‘ನ್ಯೂ ಪ್ರಿನ್ಸಿಪಲ್ಸ್ ಆಫ್ ಗನರಿ’ ಗ್ರಂಥದಲ್ಲಿ ಅವನು, ವೇಗವಾಗಿ ಚಲಿಸುವ ಗುಂಡಿಗೆ ಗಾಳಿಯೊಡ್ಡುವ ತಡೆ ಆ ಗುಂಡಿನ ತೂಕಕ್ಕಿಂತ ಹಲವು ಪಟ್ಟು ಹೆಚ್ಚೆಂದು ಪ್ರಯೋಗದಿಂದ ತೋರಿಸಿದನು. ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಾಕಿದ ಗಣಿತ ಬಯಲಿನಲ್ಲಿ ನಿಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ಬಂದ ರಾಬಿನ್ಸ್ 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಗಾಳಿಯ ತಡೆಯ ಈ ವಿಚಾರಕ್ಕೆ ಮುಂದಿನ ಶತಮಾನದಲ್ಲಿ ಅದೇ ಮದರಾಸು ಪ್ರಾಂತ್ಯಕ್ಕೆ ಸೇರಿದ ನೀಲಗಿರಿಯ ಬೇಟೆಯಲ್ಲಿ ಪ್ರಾಯೋಗಿಕ ಮಹತ್ವ ಬಂದಿತು.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬಂದೂಕು ತಯಾರಕರು ಈ ಸಮಸ್ಯೆಗೆ ವೇಗದ ಮೂಲಕ ಪರಿಹಾರ ಹುಡುಕಿದರು. 1856ರಲ್ಲಿ ಲಂಡನ್ನಿನ ಪರ್ಡಿ ತನ್ನ ರೈಫಲ್ಲಿಗೆ ‘ಎಕ್ಸ್‌ಪ್ರೆಸ್ ಟ್ರೇನ್’ ಎಂದು ಹೆಸರಿಟ್ಟನು. ಹಗುರವಾದ ಗುಂಡು, ಹೆಚ್ಚು ಮದ್ದು, ಅದರಿಂದ ಕಡಿಮೆ ಬಾಗುವ ಹಾದಿ: ಇದು ಅದರ ತತ್ತ್ವ. ಮಧ್ಯಭಾರತದಲ್ಲಿ ಸೇವೆಯಲ್ಲಿದ್ದ ಕ್ಯಾಪ್ಟನ್ ಜೇಮ್ಸ್ ಫೋರ್ಸೈತ್ 1860ರ ದಶಕದಲ್ಲಿ ಬರೆದ ಗ್ರಂಥದಲ್ಲಿಯೂ ಹಾದಿಯನ್ನು ಸಮತಟ್ಟಾಗಿಸುವುದೇ ಮುಖ್ಯ ಚಿಂತನೆ. ದೂರವನ್ನು ತಪ್ಪಾಗಿ ಅಂದಾಜಿಸಿದರೂ ಗುಂಡು ಬಹಳ ತಪ್ಪಬಾರದು ಎಂಬುದು ಇದರ ಹಿಂದಿನ ಆಶಯ. ಆದರೆ ಜೋಡುನಳಿಗೆಯ ರೈಫಲ್ಲಿನಲ್ಲಿ ಎರಡು ನಳಿಗೆಗಳೂ ಒಂದೇ ಕಡೆ ಹೊಡೆಯುವಂತೆ ತಯಾರಕನು ಒಂದು ನಿರ್ದಿಷ್ಟ ಪ್ರಮಾಣದ ಮದ್ದಿಗೆ ಹೊಂದಿಸಿರುತ್ತಿದ್ದನು. ಆ ಪ್ರಮಾಣವನ್ನು ಬದಲಿಸಿದರೆ ಹೊಂದಾಣಿಕೆಯೇ ಕೆಡುತ್ತಿತ್ತು.

ಹೊಂದಾಣಿಕೆ ಎಷ್ಟು ಸೂಕ್ಷ್ಮವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಕಣ್ಣಿನ ರೇಖೆ ನೇರವಾದದ್ದು, ಗುಂಡಿನ ಹಾದಿ ಬಾಗಿದ್ದು. ನಳಿಗೆಯ ತುದಿಯ ಗುರಿಮಣಿಗೂ ಹಿಂದಿನ ಗುರಿಪಟ್ಟಿಗೂ ನಡುವೆ 20 ಅಂಗುಲವಿದೆಯೆನ್ನೋಣ. ಹಿಂದಿನ ಪಟ್ಟಿ ಒಂದು ಅಂಗುಲದ ನೂರನೆಯ ಒಂದು ಭಾಗದಷ್ಟು ಸರಿದರೆ 100 ಗಜದಲ್ಲಿ ಗುಂಡು 1.8 ಅಂಗುಲ ತಪ್ಪುತ್ತದೆ, 300 ಗಜದಲ್ಲಿ 5.4 ಅಂಗುಲ. ಗುಂಡು ಕೆಳಗೆ ತಾಗುತ್ತಿದ್ದರೆ ಗುರಿಮಣಿಯನ್ನು ಅರದಿಂದ ಉಜ್ಜಿ ತಗ್ಗಿಸಬೇಕು. ಹಿಂದಿನ ಪಟ್ಟಿಯನ್ನಾದರೋ ಗುಂಡು ಹೋಗಬೇಕಾದ ದಿಕ್ಕಿಗೇ ಸರಿಸಬೇಕು. ಉಜ್ಜಿದ ಲೋಹ ಮರಳಿ ಬರುವುದಿಲ್ಲವಾದ್ದರಿಂದ ಪ್ರತಿ ಉಜ್ಜುವಿಕೆಯ ನಡುವೆ ಹಲವು ಗುಂಡುಗಳನ್ನು ಹಾರಿಸಿ ನೋಡುವುದು ಅನಿವಾರ್ಯ.

ಬಯಲಿನಲ್ಲಿ ಮಾಡಿದ ಇಂತಹ ಹೊಂದಾಣಿಕೆ ಬೆಟ್ಟದ ಮೇಲೆ ಹಾಗೆಯೇ ಉಳಿಯುವುದಿಲ್ಲ. ಕೊಯಮತ್ತೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ, ದೊಡ್ಡಬೆಟ್ಟದ ಶಿಖರ 2,637 ಮೀಟರ್ ಎತ್ತರದಲ್ಲಿದೆ. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟು ಮಾತ್ರ. ತಡೆ ಕಡಿಮೆಯಾದ್ದರಿಂದ ದೂರದ ಗುಂಡು ಮೇಲೆ ತಾಗುತ್ತದೆ. ಇದಕ್ಕೆ ಪ್ರತಿಯಾಗಿ, 1891ರಲ್ಲಿ ಬ್ರಿಟಿಷ್ ಸೈನ್ಯ ಸ್ವೀಕರಿಸಿದ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ಸೆಕೆಯಲ್ಲಿ ಹೆಚ್ಚು ಒತ್ತಡವನ್ನೂ ಚಳಿಯಲ್ಲಿ ಕಡಿಮೆ ವೇಗವನ್ನೂ ಕೊಡುತ್ತಿತ್ತು. ಬೆಳಗಿನ ಚಳಿಯಲ್ಲಿ ಅದೇ ಗುಂಡು ಕೆಳಗೆ ಎಳೆಯುತ್ತದೆ. ಈ ಎರಡು ಪ್ರಭಾವಗಳು ಪರಸ್ಪರ ಸರಿದೂಗುತ್ತವೆಂದು ನಂಬಲು ಆಧಾರವಿಲ್ಲ. ಆದುದರಿಂದ ಬೇಟೆಯ ಎತ್ತರದಲ್ಲಿಯೇ ಮರುಪರೀಕ್ಷೆ ಮಾಡದ ರೈಫಲ್ಲು ಅಪರಿಚಿತ ಆಯುಧವೇ ಆಗಿರುತ್ತದೆ.

ಇಳಿಜಾರು ಇನ್ನೊಂದು ತೊಡಕು. ಬಿಳಿಯ ಬೇಟೆಗಾರರು ‘ಐಬೆಕ್ಸ್’ ಎಂದು ತಪ್ಪಾಗಿ ಕರೆದ ನೀಲಗಿರಿ ತಹರ್, ಅಂದರೆ ವರೈಯಾಡು, ಹುಲ್ಲುಗಾವಲಿನ ಅಂಚಿನ ಕಡಿಬಂಡೆಗಳ ಜೀವಿ. ಅದು ಅಪಾಯವನ್ನು ಹೆಚ್ಚಾಗಿ ಕೆಳಗಿನಿಂದ ನಿರೀಕ್ಷಿಸುವುದರಿಂದ ಬೇಟೆಗಾರನು ಮೇಲಿನಿಂದ ಬರುತ್ತಿದ್ದನು. 30 ಡಿಗ್ರಿ ಇಳಿಜಾರಿನಲ್ಲಿ 300 ಗಜ ದೂರದ ಪ್ರಾಣಿಗೆ ಗುರಿಯಿಟ್ಟರೆ, ಗುಂಡು ಬೀಳುವ ಲೆಕ್ಕಕ್ಕೆ ಬರುವ ಸಮತಲ ದೂರ ಸುಮಾರು 260 ಗಜ ಮಾತ್ರ. ಕಣ್ಣಿಗೆ ಕಂಡ ದೂರವನ್ನೇ ನಂಬಿದವನ ಗುಂಡು ಬೆನ್ನಿನ ಮೇಲಿಂದ ಹಾಯುತ್ತದೆ, ಇಲ್ಲವೇ ಮರ್ಮಸ್ಥಾನವನ್ನು ತಪ್ಪಿ ಗಾಯಗೊಳಿಸುತ್ತದೆ. ಗಾಯಗೊಂಡ ಪ್ರಾಣಿ ಪ್ರಪಾತದ ಕಡೆಗೆ ಓಡಿದರೆ ಮತ್ತೆ ಸಿಗುವ ಸಂಭವ ಕಡಿಮೆ.

ಇಲ್ಲಿಯೇ ಇತಿಹಾಸಕಾರನ ಪ್ರಶ್ನೆ ಎದುರಾಗುತ್ತದೆ. ಶಿಕಾರಿ ಗ್ರಂಥಗಳ ಮೊತ್ತದಲ್ಲಿ ಸೇರುವುದು ಕೈಗೆ ಸಿಕ್ಕ ಪ್ರಾಣಿ. ಗಾಯಗೊಂಡು ತಪ್ಪಿಸಿಕೊಂಡದ್ದು ಕಥನದಲ್ಲಿ ಒಂದು ವಾಕ್ಯವಾಗಿ ಬರಬಹುದು, ಮೊತ್ತಕ್ಕೆ ಸೇರದು. 1879ರ ನೀಲಗಿರಿ ಬೇಟೆ ಮತ್ತು ಮೀನು ಸಂರಕ್ಷಣಾ ಕಾಯಿದೆ ಬೇಟೆಯ ಕಾಲವನ್ನು ನಿಯಂತ್ರಿಸಲು ಅವಕಾಶ ಕಲ್ಪಿಸಿತು. ಆದರೂ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ತಹರ್‌ಗಳ ಸಂಖ್ಯೆ ಸುಮಾರು ನೂರಕ್ಕೆ ಇಳಿದಿತ್ತೆಂದು ಹೇಳಲಾಗಿದೆ. ಈ ಕುಸಿತಕ್ಕೆ ನೆಲೆಗಳ ನಾಶವೂ ಕಾರಣವಿರಬಹುದು. ಆದರೆ ದಾಖಲಾದ ಮೊತ್ತವನ್ನಷ್ಟೇ ಬೇಟೆಯ ಪಾಲೆಂದು ಎಣಿಸಿದರೆ, ಹೊಂದಾಣಿಕೆಯಿಲ್ಲದ ಕೋವಿಗಳಿಂದ ಸತ್ತುದೆಲ್ಲ ಲೆಕ್ಕದ ಹೊರಗೇ ಉಳಿಯುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತಹರ್ ಅನ್ನು ಮೊದಲನೆಯ ಅನುಸೂಚಿಗೆ ಸೇರಿಸಿ ಅದರ ಬೇಟೆಯನ್ನು ನಿಷೇಧಿಸಿತು. ಮುಕುರ್ತಿ ಪ್ರದೇಶವು 1982ರಲ್ಲಿ ಅಭಯಾರಣ್ಯವೂ 1990ರಲ್ಲಿ ರಾಷ್ಟ್ರೀಯ ಉದ್ಯಾನವೂ ಆಯಿತು. ನೀಲಗಿರಿಯಲ್ಲಿ ತಹರ್ ಬೇಟೆಗಾಗಿ ರೈಫಲ್ಲನ್ನು ಹೊಂದಿಸುವ ಪ್ರಶ್ನೆ ಹೀಗೆ ಮುಗಿಯಿತು, ಆ ಬೇಟೆಯ ದಾಖಲೆಗಳು ಉಳಿದಿವೆ. ಅವುಗಳನ್ನು ಓದುವವರು ಎಷ್ಟು ಪ್ರಾಣಿಗಳು ಬಿದ್ದವು ಎಂಬುದರ ಜೊತೆಗೆ, ಯಾವ ರೈಫಲ್ಲು, ಯಾವ ಮದ್ದು, ಎಷ್ಟು ಗಜಕ್ಕೆ ಹೊಂದಿಸಿದ್ದು, ಬೆಟ್ಟದ ಮೇಲೆ ಪರೀಕ್ಷಿಸಿದ್ದೇ ಎಂಬ ಪ್ರಶ್ನೆಗಳನ್ನೂ ಕೇಳಬೇಕು. ಉತ್ತರ ಸಿಗದ ಕಡೆ ಆ ಮೊತ್ತವನ್ನು ಕನಿಷ್ಠ ಸಂಖ್ಯೆಯೆಂದು ಮಾತ್ರ ಸ್ವೀಕರಿಸುವುದು ನ್ಯಾಯವಾದೀತು.