ಎನ್‌ಡಿಎ ವೈದ್ಯಕೀಯ ತಪಾಸಣೆ: ಅರ್ಜಿಗೂ ಮೊದಲೇ ಏಕೆ?

ಪುಣೆ ಸಮೀಪದ ಖಡಕ್ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಎಲ್ಲರ ಬಾಯಲ್ಲಿ ಎನ್‌ಡಿಎ. ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಅಧಿಕಾರಿಗಳಾಗಲಿರುವವರು ಪಿಯುಸಿ ಮುಗಿಸಿ ಇಲ್ಲಿ ಮೂರು ವರ್ಷ ಒಟ್ಟಿಗೆ ತರಬೇತಿ ಪಡೆಯುತ್ತಾರೆ. ಸೇರಬೇಕಾದರೆ ಯುಪಿಎಸ್‌ಸಿಯ ಲಿಖಿತ ಪರೀಕ್ಷೆ, ಎಸ್‌ಎಸ್‌ಬಿ (ಸೇನಾ ಆಯ್ಕೆ ಮಂಡಳಿ) ಸಂದರ್ಶನ, ವೈದ್ಯಕೀಯ ತಪಾಸಣೆ ಮೂರನ್ನೂ ದಾಟಬೇಕು. ಮೊದಲೆರಡಕ್ಕೆ ಮಕ್ಕಳು ವರ್ಷಗಟ್ಟಲೆ ತಯಾರಾಗುತ್ತಾರೆ, ಮನೆಯವರು ಕೋಚಿಂಗ್‌ಗೆ ಹಣ ಹೊಂದಿಸುತ್ತಾರೆ. ಮೂರನೆಯದರ ನೆನಪಾಗುವುದು ಅದು ಎದುರಿಗೆ ಬಂದು ನಿಂತಾಗಲೇ.

ಕೊನೆಯಲ್ಲಿ ಬರುವ ಪರೀಕ್ಷೆ

ಎನ್‌ಡಿಎ ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕ. ಪಾಸಾದವರಿಗೆ ಐದು ದಿನಗಳ ಎಸ್‌ಎಸ್‌ಬಿ, ಅದಕ್ಕೂ 900 ಅಂಕ. ಬೆಂಗಳೂರಿನಲ್ಲೂ, ವಾಯುಪಡೆಗಾಗಿ ಮೈಸೂರಿನಲ್ಲೂ ಆಯ್ಕೆ ಮಂಡಳಿಗಳಿವೆ. ಅಲ್ಲಿ ಶಿಫಾರಸು ಪಡೆದವರನ್ನು ಮಾತ್ರ ಸೇನಾ ಆಸ್ಪತ್ರೆಗೆ ಕಳುಹಿಸುತ್ತಾರೆ. ಏಪ್ರಿಲ್‌ನಲ್ಲಿ ಬರೆದವರ ತರಗತಿ ಮುಂದಿನ ಜನವರಿಯಲ್ಲಿ ಶುರು. ಎಸ್‌ಎಸ್‌ಬಿ ಮುಗಿಯುವ ಹೊತ್ತಿಗೆ ಈ ಅವಧಿಯ ಬಹುಪಾಲು ಕಳೆದಿರುತ್ತದೆ.

ಮೆರಿಟ್ ಪಟ್ಟಿಯನ್ನು ಯುಪಿಎಸ್‌ಸಿ ಸಿದ್ಧಪಡಿಸುವಾಗ ವೈದ್ಯಕೀಯ ಫಲಿತಾಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಹೆಸರಿದ್ದೂ ಅಕಾಡೆಮಿಯ ಬಾಗಿಲು ತೆರೆಯದೆ ಹೋಗಬಹುದು. ಹದಿನೆಂಟರ ವಯಸ್ಸಿನಲ್ಲಿ ಅದು ತಡೆದುಕೊಳ್ಳಲು ಕಷ್ಟವಾದ ಪೆಟ್ಟು.

ಅಮೆರಿಕದಲ್ಲಿ ಕ್ರಮ ಬೇರೆ. ವೆಸ್ಟ್ ಪಾಯಿಂಟ್, ಅನಾಪೊಲಿಸ್‌ನಂಥ ಅಕಾಡೆಮಿಗಳಿಗೆ ಅರ್ಜಿ ಹಾಕಿದವರ ವೈದ್ಯಕೀಯ ತಪಾಸಣೆ ಅರ್ಜಿಯ ಪ್ರಕ್ರಿಯೆ ನಡೆಯುತ್ತಿರುವಾಗಲೇ ಆಗುತ್ತದೆ. ದಿನಾಂಕವನ್ನು ಬೇಗ ಗೊತ್ತುಮಾಡಿಕೊಂಡವರಿಗೆ ಹೆಚ್ಚುವರಿ ದಾಖಲೆ ಒದಗಿಸಲು, ವಿನಾಯಿತಿ ಕೋರಿಕೆ ಇತ್ಯರ್ಥವಾಗಲು ಸಮಯ ಸಿಗುತ್ತದೆ. ನಮ್ಮಲ್ಲಿ ಸೇನಾ ತಪಾಸಣೆಯ ದಿನಾಂಕ ನಮ್ಮ ಕೈಯಲ್ಲಿಲ್ಲ. ಅದಕ್ಕೇ ಖಾಸಗಿಯಾಗಿ, ಮುಂಚಿತವಾಗಿ ಪರೀಕ್ಷೆ ಮಾಡಿಸಿಕೊಳ್ಳುವುದು ಇನ್ನೂ ಮುಖ್ಯ.

ಸಣ್ಣ ದೋಷ, ದೊಡ್ಡ ವಿಳಂಬ

ಮುಂಚಿತವಾಗಿ ಪರೀಕ್ಷೆ ಮಾಡಿಸಿಕೊಳ್ಳಿ ಎಂಬ ಮಾತನ್ನು ಯುಪಿಎಸ್‌ಸಿ ಅಧಿಸೂಚನೆಯೇ ಹೇಳುತ್ತದೆ. ಸಣ್ಣಪುಟ್ಟ ದೋಷಗಳನ್ನು ಮೊದಲೇ ಸರಿಪಡಿಸಿಕೊಳ್ಳುವಂತೆ ಅಭ್ಯರ್ಥಿಗಳಿಗೆ ಸೂಚಿಸಿ, ಆಗಾಗ ಕಂಡುಬರುವುದನ್ನು ಪಟ್ಟಿ ಮಾಡುತ್ತದೆ: ಕಿವಿಯ ಗುಗ್ಗೆ, ಮೂಗಿನ ನಡುಗೋಡೆ ಡೊಂಕಾಗಿರುವುದು, ಟಾನ್ಸಿಲ್ ತೊಂದರೆ, ಮೂಲವ್ಯಾಧಿ, ಹೈಡ್ರೋಸೀಲ್, ವೇರಿಕೋಸೀಲ್, ಹುಡುಗರಲ್ಲಿ ಸ್ತನ ಉಬ್ಬಿರುವುದು, ತೂಕ ಹೆಚ್ಚು ಅಥವಾ ಕಡಿಮೆ ಇರುವುದು, ಎದೆಯ ಸುತ್ತಳತೆ ಸಾಲದಿರುವುದು.

ಇವೆಲ್ಲಕ್ಕೂ ಬೇಕಾಗುವ ಸಮಯ ಒಂದೇ ಅಲ್ಲ. ಗುಗ್ಗೆಯನ್ನು ಕಿವಿ ವೈದ್ಯರು ಒಂದೇ ಭೇಟಿಯಲ್ಲಿ ತೆಗೆಯಬಲ್ಲರು. ಆರೋಗ್ಯ ಕೆಡದಂತೆ ಎಂಟು ಹತ್ತು ಕಿಲೊ ಇಳಿಸಲು ತಿಂಗಳುಗಳು ಬೇಕು. ತಪಾಸಣೆಗೆ ವಾರವಿರುವಾಗ ಊಟ ಬಿಟ್ಟು ಓಡುವವರು ಸುಸ್ತಾಗುತ್ತಾರೆಯೇ ಹೊರತು ಅಳತೆಗೆ ಬರುವುದಿಲ್ಲ. ಶಸ್ತ್ರಚಿಕಿತ್ಸೆಯಾದರಂತೂ ಗಾಯ ಮಾಗಿದರಷ್ಟೇ ಸಾಲದು. ಉದಾಹರಣೆಗೆ, ಹರ್ನಿಯಾ ಶಸ್ತ್ರಚಿಕಿತ್ಸೆಯ ನಂತರ ಸುಮಾರು ಆರು ತಿಂಗಳು ಕಳೆದಿರಬೇಕು, ಅದರ ದಾಖಲೆಯೂ ಇರಬೇಕು. ಪ್ರಥಮ ಪಿಯುಸಿಯಲ್ಲಿ ಗೊತ್ತಾದರೆ ಬೇಸಿಗೆ ರಜೆಯಲ್ಲಿ ಮುಗಿಸಬಹುದಾದ ಚಿಕಿತ್ಸೆ, ಎಸ್‌ಎಸ್‌ಬಿ ಆದ ಮೇಲೆ ಗೊತ್ತಾದರೆ ಒಂದು ಅವಕಾಶವನ್ನೇ ನುಂಗಬಹುದು. ತರಗತಿ ಆರಂಭವಾಗುವ ಹೊತ್ತಿಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ಇರಬೇಕಾದ್ದರಿಂದ ಕಳೆದುಹೋದ ಅವಕಾಶಕ್ಕೆ ಬೆಲೆ ಹೆಚ್ಚು.

ಕಣ್ಣು

ಕನ್ನಡಕ ಹಾಕಿದವರೆಲ್ಲ ಅನರ್ಹರು ಎಂಬ ನಂಬಿಕೆ ತಪ್ಪು. ಪ್ರತಿ ಪಡೆಗೂ, ಶಾಖೆಗೂ ಬೇರೆ ಮಿತಿಯಿದೆ, ವಾಯುಪಡೆಯ ಹಾರಾಟ ಶಾಖೆಯದು ಬಹಳ ಬಿಗಿ. ಬಣ್ಣ ಗುರುತಿಸುವ ಶಕ್ತಿಯನ್ನೂ ನೋಡುತ್ತಾರೆ. ದಿನನಿತ್ಯದ ಬದುಕಿನಲ್ಲಿ ಅಡ್ಡಿಯಾಗದ ಬಣ್ಣಗುರುಡು ಹುಡುಗನಿಗೂ ಮನೆಯವರಿಗೂ ಗೊತ್ತೇ ಇಲ್ಲದಿರಬಹುದು. ಚುಕ್ಕಿಗಳ ನಡುವೆ ಅಂಕಿ ಓದಿಸುವ ಇಶಿಹಾರ ಪುಸ್ತಕ ಕಣ್ಣಿನ ವೈದ್ಯರ ಬಳಿ ಇರುತ್ತದೆ, ಕೆಲವೇ ನಿಮಿಷದ ಕೆಲಸ.

ಕಣ್ಣಿಗೆ ಲಾಸಿಕ್ ಶಸ್ತ್ರಚಿಕಿತ್ಸೆ ಮಾಡಿಸಿಬಿಟ್ಟರಾಯಿತು ಎಂದುಕೊಳ್ಳುವ ಪೋಷಕರು ಇಲ್ಲಿ ನಿಲ್ಲಬೇಕು. 20 ವರ್ಷ ತುಂಬುವ ಮೊದಲು ಮಾಡಿಸಿದ ಲಾಸಿಕ್ ಅನ್ನು ವಾಯುಪಡೆ ಒಪ್ಪುವುದಿಲ್ಲ, ಎನ್‌ಡಿಎಗೆ ಸೇರುವವರಿಗೆ ಆ ವಯಸ್ಸೇ ಆಗಿರುವುದಿಲ್ಲ. ದೃಷ್ಟಿ ಸರಿಪಡಿಸಲು ಹೋಗಿ ದಾರಿಯನ್ನೇ ಮುಚ್ಚಿಕೊಂಡಂತಾಗುತ್ತದೆ.

ಎತ್ತರ, ಎಲುಬು, ಹಚ್ಚೆ

ಹುಡುಗರಿಗೆ ಕನಿಷ್ಠ ಎತ್ತರ ಸಾಮಾನ್ಯವಾಗಿ 157 ಸೆಂಟಿಮೀಟರ್, ಹುಡುಗಿಯರಿಗೆ 152. ಹಾರಾಟ ಶಾಖೆಗೆ 162.5 ಬೇಕು, ಜೊತೆಗೆ ಕಾಲಿನ ಉದ್ದ, ತೊಡೆಯ ಉದ್ದ, ಕುಳಿತಾಗಿನ ಎತ್ತರವನ್ನೂ ಅಳೆಯುತ್ತಾರೆ. ಕಾಕ್‌ಪಿಟ್‌ನಲ್ಲಿ ಮೈ ಹಿಡಿಸಬೇಕಲ್ಲ! ನೇರ ನಿಂತಾಗ ಮಂಡಿಗಳು ತಾಗಿದರೆ ಕಣಕಾಲುಗಳ ನಡುವಿನ ಅಂತರ 5 ಸೆಂಟಿಮೀಟರ್‌ಗಿಂತ ಕಡಿಮೆ ಇರಬೇಕು. ಚಪ್ಪಟೆ ಪಾದ, ಬೆನ್ನುಮೂಳೆಯ ಡೊಂಕು, ಮೊಣಕೈಯ ಕೋನ ಇವನ್ನೂ ಬಿಡುವುದಿಲ್ಲ. ಇವುಗಳಲ್ಲಿ ಕೆಲವನ್ನು ಬದಲಿಸಲಾಗದು. ಆದರೂ ಮೊದಲೇ ತಿಳಿದರೆ ಯಾವ ಪಡೆಗೆ ಆದ್ಯತೆ ಕೊಡಬೇಕೆಂದು ಅರ್ಜಿಯಲ್ಲೇ ಯೋಚಿಸಿ ಬರೆಯಬಹುದು.

ಹಚ್ಚೆಗೆ ಅವಕಾಶವಿರುವುದು ಮುಂಗೈಯ ಒಳಭಾಗ ಮತ್ತು ಹಸ್ತದ ಹಿಂಭಾಗದಲ್ಲಿ ಮಾತ್ರ, ಬುಡಕಟ್ಟು ಸಮುದಾಯಗಳಿಗೆ ಪ್ರತ್ಯೇಕ ರಿಯಾಯಿತಿ ಇದೆ. ಜಾತ್ರೆಯಲ್ಲಿ ಗೆಳೆಯರ ಜೊತೆ ತೋಳಿಗೆ ಹಾಕಿಸಿಕೊಂಡದ್ದೂ ಲೆಕ್ಕಕ್ಕೆ ಬರುತ್ತದೆ.

ಅನರ್ಹ ಎಂದರೆ

ಮೊದಲ ಮಂಡಳಿಯ ತೀರ್ಪೇ ಅಂತಿಮವಲ್ಲ. 42 ದಿನಗಳೊಳಗೆ ಮೇಲ್ಮನವಿ ವೈದ್ಯಕೀಯ ಮಂಡಳಿಯ ಮುಂದೆ ಹೋಗಬಹುದು, ಅದರ ನಂತರ ಪುನರ್‌ಪರಿಶೀಲನಾ ಮಂಡಳಿಗೂ ಕೋರಬಹುದು. ಆದರೆ 42 ದಿನದಲ್ಲಿ ತಜ್ಞರನ್ನು ಹುಡುಕಿ, ಚಿಕಿತ್ಸೆ ಮಾಡಿಸಿ, ಚೇತರಿಸಿಕೊಂಡು ಮತ್ತೆ ಆಸ್ಪತ್ರೆಗೆ ಹಾಜರಾಗುವುದು ಎಷ್ಟು ಕುಟುಂಬಗಳಿಗೆ ಸಾಧ್ಯ? ಜಿಲ್ಲಾ ಕೇಂದ್ರದಿಂದ ದೂರದ ಹಳ್ಳಿಯಲ್ಲಿರುವವರ ಪಾಲಿಗೆ ಈ ಅವಧಿ ತೀರಾ ಕಡಿಮೆ.

ಯಾವಾಗ, ಯಾರ ಬಳಿ

ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ಒಳ್ಳೆಯ ಸಮಯ. ಕಣ್ಣು, ಕಿವಿ-ಮೂಗು-ಗಂಟಲು, ಮೂಳೆ, ಹಲ್ಲು, ಶಸ್ತ್ರಚಿಕಿತ್ಸೆ ತಜ್ಞರನ್ನು ಕಂಡು, ರಕ್ತ ಮತ್ತು ಮೂತ್ರ ಪರೀಕ್ಷೆ, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರೆ ಮುಖ್ಯವಾದವು ಬಹುತೇಕ ಮುಗಿಯುತ್ತವೆ. ಅರ್ಜಿ ಹಾಕುವಾಗ ಒಮ್ಮೆ, ಎಸ್‌ಎಸ್‌ಬಿ ಕರೆ ಬಂದಾಗ ಮತ್ತೊಮ್ಮೆ ತೂಕ ಮತ್ತು ಕಣ್ಣನ್ನಾದರೂ ನೋಡಿಸಿಕೊಳ್ಳಬೇಕು. ಹಿಂದಿನ ಕಾಯಿಲೆ, ಶಸ್ತ್ರಚಿಕಿತ್ಸೆಯ ಕಾಗದಗಳನ್ನು ಒಂದು ಫೈಲಿನಲ್ಲಿಡಿ, ಮುಚ್ಚಿಡಬೇಡಿ.

ಸುಪ್ರೀಂ ಕೋರ್ಟಿನ 2021ರ ಆದೇಶದ ಬಳಿಕ ಹುಡುಗಿಯರಿಗೂ ಎನ್‌ಡಿಎ ತೆರೆಯಿತು, ಅವರ ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು. ರಕ್ತಹೀನತೆ ನಮ್ಮ ಹುಡುಗಿಯರಲ್ಲಿ ಸಾಮಾನ್ಯವಾಗಿರುವುದರಿಂದ ಅವರ ಹಿಮೋಗ್ಲೋಬಿನ್ ಪರೀಕ್ಷೆಯನ್ನು ಮರೆಯಬಾರದು.

ನಿಯಮಗಳು ಆಗಾಗ ಬದಲಾಗುತ್ತವೆ. ಆಯಾ ವರ್ಷದ ಯುಪಿಎಸ್‌ಸಿ ಅಧಿಸೂಚನೆಯ ಕೊನೆಯಲ್ಲಿರುವ ವೈದ್ಯಕೀಯ ಅನುಬಂಧವನ್ನು ಪ್ರಿಂಟ್ ತೆಗೆದು, ಅರ್ಜಿ ತುಂಬುವ ಮೊದಲೇ ನಿಮ್ಮ ವೈದ್ಯರ ಕೈಗೆ ಕೊಡಿ.