ಬಳ್ಳಾರಿ ಹತ್ತಿ, ಕ್ವೇಕರರ ಲೆಕ್ಕ

ಬಳ್ಳಾರಿ ಜೀನ್ಸ್ ಗೊತ್ತು, ಎರೆಹೊಲದ ಹತ್ತಿ ಗೊತ್ತು. ನಮ್ಮ ಹೊಲಗಳ ಈ ಹತ್ತಿಯಿಂದ ಅಮೆರಿಕದ ಗುಲಾಮರಿಗೆ ಬಿಡುಗಡೆ ಸಿಗುತ್ತೆ ಅಂತ ಲೆಕ್ಕ ಹಾಕಿದವರಿದ್ದರು ಅಂದ್ರೆ ನಂಬ್ತೀರಾ?

ಅವರೇ ಕ್ವೇಕರರು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಶುರುಮಾಡಿದ ಸಣ್ಣ ಕ್ರೈಸ್ತ ಪಂಗಡ. ಪಾದ್ರಿ ಬೇಡ, ದೊಡ್ಡವರ ಎದುರು ಟೋಪಿ ತೆಗೆಯಲ್ಲ, ಯುದ್ಧಕ್ಕೆ ಹೋಗಲ್ಲ. ಎಲ್ಲರೂ ಸುಮ್ಮನೆ ಕೂರುವುದೇ ಪ್ರಾರ್ಥನೆ. ಶರಣರ ನಾಡಿನವರಿಗೆ ಇದು ತೀರಾ ಹೊಸದಲ್ಲ ಬಿಡಿ. 1787ರಲ್ಲಿ ಗುಲಾಮ ವ್ಯಾಪಾರದ ವಿರುದ್ಧ ಲಂಡನ್ನಿನಲ್ಲಿ ಸಮಿತಿ ಕಟ್ಟಿದ 12 ಜನರಲ್ಲಿ 9 ಮಂದಿ ಇವರೇ. 1807ರಲ್ಲಿ ಬ್ರಿಟನ್ ಆ ವ್ಯಾಪಾರ ನಿಷೇಧಿಸಿತು.

ಆದರೆ ಮ್ಯಾಂಚೆಸ್ಟರ್ ಗಿರಣಿಗಳಿಗೆ ಬರುತ್ತಿದ್ದುದು ಹೆಚ್ಚಾಗಿ ಅಮೆರಿಕದ ಗುಲಾಮರು ಬಿಡಿಸಿದ ಹತ್ತಿಯೇ. 1839ರಲ್ಲಿ ಜೋಸೆಫ್ ಪೀಸ್ ಎಂಬ ಕ್ವೇಕರ್, ಗೆಳೆಯರ ಜೊತೆ ಬ್ರಿಟಿಷ್ ಇಂಡಿಯಾ ಸೊಸೈಟಿ ಕಟ್ಟಿದರು. ವಾದ ನೇರ: ಭಾರತದ ರೈತನನ್ನು ಬದುಕಲು ಬಿಡಿ, ಅವನ ಹತ್ತಿ ಕೊಳ್ಳಿ, ಗುಲಾಮಗಿರಿಯ ಲಾಭ ತಾನಾಗೇ ಕುಸಿಯುತ್ತೆ.

ಬದುಕಲು ಬಿಡಬೇಕಲ್ಲ! ಬಳ್ಳಾರಿ ಸೀಮೆಗೆ ರೈತವಾರಿ ಪದ್ಧತಿ ತಂದ ಥಾಮಸ್ ಮನ್ರೋ ಅವರೇ 1807ರಲ್ಲಿ, ಕಂದಾಯ ಕಾಲು ಭಾಗ ಇಳಿಸಿ ಅಂತ ಬರೆದಿದ್ದರು. ಕಂಪನಿ ಆಗ ಒಪ್ಪಲಿಲ್ಲ. 1848ರಲ್ಲಿ ಕ್ವೇಕರ್ ಸಂಸದ ಜಾನ್ ಬ್ರೈಟ್ ಅಧ್ಯಕ್ಷತೆಯ ಸಂಸದೀಯ ಸಮಿತಿ ಭಾರತದ ಹತ್ತಿಯ ವಿಚಾರಣೆ ನಡೆಸಿತು. ಅದರ ಮುಂದೆ ಬಂದ ಅಡ್ಡಿಗಳು ಕಂದಾಯದ ಹೊರೆ ಮತ್ತು ರಸ್ತೆಯ ಕೊರತೆ. ಬ್ರೈಟ್ ಮನೆತನದ್ದೂ ಹತ್ತಿ ಗಿರಣಿಯೇ, ಅದನ್ನೇನೂ ಮುಚ್ಚಿಡಬೇಕಿಲ್ಲ. ಆದರೂ 1858ರಲ್ಲಿ ಪಾರ್ಲಿಮೆಂಟಿನಲ್ಲಿ ಆತ ಎತ್ತಿದ್ದು ನೀರಿನ ಮಾತು. 1834ರಿಂದ 14 ವರ್ಷ ಇಡೀ ಭಾರತದ ಲೋಕೋಪಯೋಗಿ ಕೆಲಸಗಳಿಗೆ ಕಂಪನಿ ಖರ್ಚು ಮಾಡಿದ್ದಕ್ಕಿಂತ, ಮ್ಯಾಂಚೆಸ್ಟರ್ ಒಂದೇ ಊರು ಕುಡಿಯುವ ನೀರಿಗೆ ಹೆಚ್ಚು ಖರ್ಚು ಮಾಡಿದೆ ಅಂದರು!

ಮುಂದೆ ಏನಾಯ್ತು? 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ. ನಮ್ಮ ಹತ್ತಿಗೆ ಬಂಗಾರದ ಬೆಲೆ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಬಿತ್ತು. ಗುಲಾಮಗಿರಿ ಕೊನೆಗೆ ಮುಗಿದದ್ದು ಆ ಯುದ್ಧದಲ್ಲಿ, ನಮ್ಮ ಹತ್ತಿಯಿಂದ ಅಲ್ಲ. 1876-78ರ ಬರಗಾಲ ಬಂದಾಗ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು.

ಇವತ್ತು ಸಿರುಗುಪ್ಪ, ಕುರುಗೋಡು ಕಡೆ ಹೋದರೆ ಭತ್ತದ ಗದ್ದೆ ಕಾಣುತ್ತೆ. ತುಂಗಭದ್ರಾ ಅಣೆಕಟ್ಟಿನ ನೀರು ಹರಿದದ್ದು 1953ರಲ್ಲಿ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಬ್ರೈಟ್ ತೀರಿಕೊಂಡು ಆಗಲೇ 64 ವರ್ಷ ಆಗಿತ್ತು.